ಗೊಂಗಡಿ ವೀರನ ಅಣ್ಣನಿಗೆ ಎಡೆ

ಹಿಂದೂಪುರದ ಹುಣಸೆ ಮಂಡಿಯಲ್ಲಿ ಜಯಚಂದ್ರನ ನಾಲಿಗೆಗೆ ಬೆಲೆಯಿತ್ತು. ಮೂಟೆಯ ಬಾಯಿ ಬಿಚ್ಚಿ ಒಂದು ಎಳೆ ಹರಿದು ನಾಲಿಗೆಯ ಮೇಲಿಟ್ಟುಕೊಂಡರೆ ಸಾಕು, ಅದು ಈ ವರ್ಷದ ಹಣ್ಣೋ, ಹೋದ ವರ್ಷದ್ದಕ್ಕೆ ನೀರು ಚಿಮುಕಿಸಿ ಹೊಸದೆಂದು ತಂದದ್ದೋ ಹೇಳಿಬಿಡುತ್ತಿದ್ದ. ಮಾರುವವನು ದೇವರ ಮೇಲೆ ಆಣೆಯಿಟ್ಟರೆ ಇನ್ನೂ ಒಂದು ಎಳೆ ಹೆಚ್ಚಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇಂಥವನು ಜೀವಮಾನದಲ್ಲಿ ಒಂದೇ ಒಂದು ಸರಕನ್ನು ರುಚಿ ನೋಡದೆ ಒಪ್ಪಿಕೊಂಡಿದ್ದ. ಅದು ‘ಗೊಂಗಡಿ ವೀರುಡು’ ಎಂಬ ತೆಲುಗು ಕಾಮಿಕ್ಸ್.

ಗೊಂಗಡಿ ಎಂದರೆ ಕಂಬಳಿ. ಕುರಿ ಕಾಯುವ ಹುಡುಗನೊಬ್ಬ ತಾತನ ಕರಿಕಂಬಳಿ ಹೊದ್ದರೆ ಗುಂಡು ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ, ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತಾನೆ. ಜಯಚಂದ್ರ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ತಿಂಗಳಿಗೊಂದು ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಈಗ ಅದನ್ನು ಯಾರೋ ಭಾರೀ ಸಿನಿಮಾ ಮಾಡಿದ್ದರು. ಮಹಾಲಯ ಅಮಾವಾಸ್ಯೆಗೆ ವಾರವಿರುವಾಗ ಬಿಡುಗಡೆಯಾಯಿತು. ಸಿನಿಮಾದವರಿಗೆ ಪಿತೃಪಕ್ಷವಿಲ್ಲ.

ಮೊದಲ ಆಟ ಮುಗಿಸಿ ಬಂದ ಅಭಿಮಾನಿಗಳೆಲ್ಲ ಥಿಯೇಟರಿನ ಎದುರಿನ ಟೀ ಅಂಗಡಿಯಲ್ಲಿ ಸೇರಿದರು. ‘ಅಸಲು ಗೊಂಗಡಿ’ ಎಂಬ ವಾಟ್ಸಾಪ್ ಗುಂಪಿಗೆ ಜಯಚಂದ್ರನೇ ಯಜಮಾನ. ಕಥೆಯ ಒಂದು ಕೂದಲು ಕೊಂಕಿದರೂ ಸುಮ್ಮನಿರೆವು ಎಂಬುದು ಅವರ ಪ್ರತಿಜ್ಞೆ.

“ಕಂಬಳಿ ಎಲ್ಲಪ್ಪ ಕಂಬಳಿ? ಕಂಬಳಿ ಕಿತ್ತು ರಬ್ಬರು ತೊಡ್ಸವ್ರೆ. ಅವ್ನೇನು ಗೊಂಗಡಿ ವೀರನಾ, ಲಾರಿ ಟೈರಾ?” ಎಂದು ಜಯಚಂದ್ರ ಶುರುಮಾಡಿದ.

“ಕೋಟಿಗಟ್ಲೆ ಸುರಿದೋನು ಹೀರೋಗೆ ಕುರಿ ವಾಸ್ನೆ ಹೊದಿಸ್ತಾನಾ ಜಯಣ್ಣ?” ಎಂದ ಕೊಟ್ರೇಶ್. ಮೊಬೈಲ್ ರಿಪೇರಿ ಅಂಗಡಿಯವನು, ವಯಸ್ಸಿನಲ್ಲಿ ಚಿಕ್ಕವನು, ಎದುರುಪಕ್ಷದ ಮುಖಂಡ. “ಕಾಮಿಕ್ಸ್ ಕಾಮಿಕ್ಸೇ, ಸಿನಿಮಾ ಸಿನಿಮಾನೇ. ನಿಮ್ಮ ಮಂಡೀಲಿ ಹುಣಸೆಹಣ್ಣು ಮಾರ್ತೀರ. ಮರ ಸಮೇತ ತೂಕ ಹಾಕ್ತೀರಾ?”

“ಮರ ಬ್ಯಾಡ ಕಣಪ್ಪ. ಹುಳಿ ಇರ್ಬೇಕೋ ಬ್ಯಾಡ್ವೋ?”

“ಹುಳಿ ಐತಲ್ಲ. ಫೈಟು ನೋಡ್ದ್ಯಾ?”

“ಫೈಟ್ ಕಟ್ಕೊಂಡು ಏನ್ಮಾಡ್ಲಿ? ಭೈರವನ್ನ ಸಾಯ್ಸ್‌ಬುಟ್ರಲ್ಲೋ! ಇಂಟರ್ವಲ್‌ಗೇ ಸಾಯ್ಸ್‌ಬುಟ್ರು!”

“ಅಣ್ಣೋಯ್, ಟೀ ಸಲ್ಲಾರಿಪೋತಾಂದಿ,” ಎಂದು ಅಂಗಡಿಯವನು ಕೂಗಿದ. ಟೀ ಆರಿದರೆ ಇನ್ನೊಂದು ಕೊಳ್ಳುತ್ತಾರೆಂಬುದು ಗೊತ್ತಿದ್ದರೂ ಕೂಗಿದನೆಂದರೆ ಜಯಚಂದ್ರನ ಮುಖ ಹಾಗಿದ್ದಿರಬೇಕು.

ಭೈರವ ಎಂದರೆ ಗೊಂಗಡಿ ವೀರನ ಅಣ್ಣ. ರಾಕ್ಷಸನನ್ನು ಹುಡುಕಿಕೊಂಡು ಗುಹೆಯೊಳಗೆ ಹೋಗುವವನು. ಸಿನಿಮಾದಲ್ಲಿ ಅವನು ತಮ್ಮನ ತೊಡೆಯ ಮೇಲೆ ಪ್ರಾಣ ಬಿಟ್ಟ ಕೂಡಲೇ ಜಯಚಂದ್ರ ಸೀಟಿನ ಮೇಲೆ ಹತ್ತಿ, “ಸಾಯಲ್ಲ ಅವ್ನು! ವಾಪಸ್ ಬತ್ತಾನೆ! ನಿಲ್ಸ್ರೋ ರೀಲು!” ಎಂದು ಕಿರುಚಿದ್ದ. ರೀಲು ಎನ್ನುವುದೇ ಈಗ ಇಲ್ಲ, ನಿಲ್ಲಿಸುವವರು ಯಾರು? ಕುಡಿದಿದ್ದಾನೆಂದು ಹಿಂದಿನವರು ಅಂಗಿ ಹಿಡಿದು ಕೂರಿಸಿದರು. ಇವನು ಮಜ್ಜಿಗೆಗಿಂತ ಗಟ್ಟಿಯಾದದ್ದನ್ನು ಕುಡಿದವನಲ್ಲ.

“ಅಸಲು ಕಥೇಲಿ ವಾಪಸ್ ಬತ್ತಾನೆ,” ಎಂದು ಟೀ ಅಂಗಡಿಯಲ್ಲಿ ಮತ್ತೆ ಹೇಳಿದ. “ಕೊನೇ ಪುಟ. ಅಣ್ಣತಮ್ಮ ಇಬ್ರೂ ಒಂದೇ ಕಂಬಳಿ ಹೊದ್ಕೊಂಡು ನಕ್ಕೊಂತ ಬತ್ತಾರೆ. ನನ್ ಕಣ್ಣಾರೆ ನೋಡಿವ್ನಿ.”

“ನೋಡಿದ್ಯಾ, ಓದಿದ್ಯಾ?” ಎಂದ ಕೊಟ್ರೇಶ್.

ಜಯಚಂದ್ರ ಲೋಟ ಎತ್ತಿ ಟೀ ಕುಡಿದ. ಆರಿತ್ತು.

ಓದಿರಲಿಲ್ಲ. ಬ್ರಹ್ಮಸಮುದ್ರದ ಕಡೆಯ ಹಳ್ಳಿಯಲ್ಲಿ ಅವನ ಮನೆಯ ಹಿತ್ತಿಲಿಗೆ ಕನ್ನಡ ಶಾಲೆ ಅಂಟಿಕೊಂಡಿತ್ತು, ತೆಲುಗು ಶಾಲೆ ಕೆರೆಯ ಆಚೆಗಿತ್ತು. ದೊಡ್ಡ ಮಕ್ಕಳು ನಡೆಯಬಲ್ಲರು ಎಂದು ಅವರನ್ನು ತೆಲುಗಿಗೂ, ಕಿರಿಯವನು ಪುಕ್ಕಲ ಎಂದು ಅವನನ್ನು ಕನ್ನಡಕ್ಕೂ ಅಪ್ಪ ಹಂಚಿ ಹಾಕಿದ್ದ. ಹಾಗಾಗಿ ಅಣ್ಣ ಪೆದ್ದಣ್ಣ ಪ್ರತಿ ತಿಂಗಳೂ ಕಲ್ಯಾಣದುರ್ಗದ ಬಸ್‌ಸ್ಟಾಂಡಿನಿಂದ ತರುತ್ತಿದ್ದ ಗೊಂಗಡಿ ವೀರನನ್ನು ಜಯಚಂದ್ರ ಕಣ್ಣಿನಿಂದ ನೋಡಬಹುದಿತ್ತು. ಅಕ್ಷರ ಮಾತ್ರ ಅಕ್ಕನದು. ನರಸಕ್ಕ ಚಾಪೆಯ ಮೇಲೆ ಪುಸ್ತಕ ಹರಡಿ, ತೆಲುಗನ್ನು ಕಣ್ಣಲ್ಲಿ ಓದಿ ಕನ್ನಡವನ್ನು ಬಾಯಲ್ಲಿ ಹೇಳುತ್ತಿದ್ದಳು. ರಾಕ್ಷಸನೂ “ಏನ್ಲಾ ಮಗನೇ” ಎಂದೇ ಮಾತಾಡುತ್ತಿದ್ದ.

ಪೆದ್ದಣ್ಣ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದ. ಮದುವೆಯ ವಯಸ್ಸಿಗೆ ಬಂದವನು ಬೊಂಬೆ ಪುಸ್ತಕ ಹಿಡಿದು ಕೂತಿದ್ದಾನೆಂದು ಅಪ್ಪ ಒಂದು ದಿನ ಕೆನ್ನೆಗೆ ಬಿಗಿದ. ಮಾರನೆಯ ಬೆಳಿಗ್ಗೆ ಲಾರಿ ಉತ್ತರದ ಕಡೆಗೆ ಹೊರಟಿತು, ಒರಿಸ್ಸಾ ಎಂದರು, ಛತ್ತೀಸ್‌ಗಢ ಎಂದರು. ಲಾರಿ ಮುಂದಿನ ಬೇಸಿಗೆಗೆ ವಾಪಸ್ ಬಂತು. ಪೆದ್ದಣ್ಣ ಬರಲಿಲ್ಲ. “ದಾರೀಲಿ ಇಳ್ಕೊಂಡ,” ಎಂದರು ಲಾರಿಯವರು. ಎಲ್ಲಿ, ಯಾಕೆ, ಒಬ್ಬೊಬ್ಬರದು ಒಂದೊಂದು ಮಾತು. ಇಪ್ಪತ್ತೆಂಟು ವರ್ಷವಾಯಿತು.

ಅವನು ಕೊನೆಯದಾಗಿ ತಂದ ಸಂಚಿಕೆಯೇ ಭೈರವ ಗುಹೆಗೆ ಹೋಗುವುದು. ಅಣ್ಣ ಹೋದ ಮೇಲೆ ಎಂಟು ವರ್ಷದ ಜಯಚಂದ್ರ ಅನ್ನ ಬಿಟ್ಟು ಕೂತಾಗ ನರಸಕ್ಕ ಅದನ್ನು ಓದಿದಳು. ತಮ್ಮನ ತೊಡೆಯ ಮೇಲೆ ತಲೆಯಿಟ್ಟು ಭೈರವ ಮಲಗಿದ್ದ: “ಸುಸ್ತಾಗಿ ನಿದ್ದೆ ಹೋಗವ್ನೆ ನೋಡು.” ಗೊಂಗಡಿ ವೀರ ಬೆಟ್ಟದ ತುದಿಯಲ್ಲಿ ದೀಪ ಹಿಡಿದು ಒಬ್ಬನೇ ನಿಂತಿದ್ದ: “ಅಣ್ಣಂಗೆ ದಾರಿ ತೋರಿಸ್ತಾವ್ನೆ.” ಆಮೇಲೆ ಪುಟ ತಿರುವಿದರೆ ಇಬ್ಬರೂ ಒಂದೇ ಕಂಬಳಿಯಡಿ ನಗುತ್ತಾ ಬರುತ್ತಿದ್ದರು: “ಬಂದ್ಬುಟ್ಟ ನೋಡ್ಲಾ!” ಆ ಪುಟ ಬಂದ ಮೇಲೆ ಹುಡುಗ ಉಣ್ಣುತ್ತಿದ್ದ. ಹೀಗೆ ಎಷ್ಟು ಸಲ ಓದಿಸಿಕೊಂಡನೋ. ಮಳೆಗೆ ಗೋಡೆ ಕುಸಿದು ಪುಸ್ತಕಗಳೆಲ್ಲ ಮಣ್ಣಾದವು. ಮುಂದೆ ಮಂಡಿ ಸೇರಿ, ಲಾರಿಗಳ ಬೋರ್ಡು ನೋಡಿ ನೋಡಿ ತೆಲುಗು ಓದಲು ಕಲಿತ. ಆ ಹೊತ್ತಿಗೆ ಓದಬೇಕಾದ ಪುಸ್ತಕವೇ ಇರಲಿಲ್ಲ. ಅಸಲಿನ ಕಾವಲುಗಾರ ಅಸಲನ್ನು ಓದಿಲ್ಲವೆಂಬುದು ಗುಂಪಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇದೆಲ್ಲ ಸಿನಿಮಾ ಹುಚ್ಚಾಗಿದ್ದರೆ ಟೀ ಅಂಗಡಿಯಲ್ಲೇ ಮುಗಿಯುತ್ತಿತ್ತು. ಆದರೆ ಹದಿನೈದು ದಿನದಿಂದ ನರಸಕ್ಕ ಕಲ್ಯಾಣದುರ್ಗದಿಂದ ಫೋನು ಮಾಡುತ್ತಿದ್ದಳು.

“ಈ ಅಮಾಸೆಗೆ ಪೆದ್ದಣ್ಣಂಗೂ ಎಡೆ ಇಡಾಣ ಕಣ್ಲಾ ಚಂದ್ರ.”

ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಲೆ ಹಾಕಿ, ಹೊಸ ಬಟ್ಟೆಯಿಟ್ಟು, ಮಾಡಿದ್ದೆಲ್ಲ ಬಡಿಸುವುದು ಮನೆಯ ಪದ್ಧತಿ. ಅಪ್ಪ ಅಮ್ಮ ಕೊನೆಗಾಲಕ್ಕೆ ನರಸಕ್ಕನ ಮನೆಯಲ್ಲೇ ಕಣ್ಣು ಮುಚ್ಚಿದ್ದರಿಂದ, ಕೊಟ್ಟ ಮನೆಯಲ್ಲಿ ತವರಿನವರಿಗೆ ಎಡೆಯೇ ಎಂದು ನೆಂಟರು ಮೂಗು ಮುರಿದರೂ, ಅಲ್ಲಿಯೇ ಇಡುತ್ತಿದ್ದರು. ಎರಡೇ ಎಲೆ. ಮೂರನೆಯದನ್ನು ಹಾಕಲು ಜಯಚಂದ್ರ ಬಿಟ್ಟಿರಲಿಲ್ಲ.

“ಬದ್ಕಿರೋನಿಗೆ ಎಡೆ ಇಟ್ರೆ ನಾವೇ ಸಾಯ್ಸ್ದಂಗೆ ಅಲ್ವೇನಕ್ಕಾ?”

“ಸತ್ತಿರೋನಿಗೆ ಇಡ್ದಿದ್ರೆ? ಇಷ್ಟು ವರ್ಷ ಹಸ್ಕೊಂಡು ಅಲೀತಾವ್ನೆ ಅಂತ ನಂಗೆ ಅನ್ನ ಇಳಿಯಲ್ಲ ಕಣಪ್ಪ. ಅಮ್ಮ ಹೋಗೋವಾಗ ನನ್ ಕೈಲಿ ಮಾತು ತಗಂಡೈತೆ. ನಂಗೂ ಎದೆನೋವು. ನನ್ ಹಿಂದೆ ಯಾರು ಇಡ್ತಾರೆ?”

ಯಾವ ಕಡೆ ತಿರುಗಿದರೂ ತಪ್ಪೇ ಆಗುವ ಲೆಕ್ಕ ಅದು. ಜಯಚಂದ್ರ ಫೋನು ಇಟ್ಟುಬಿಡುತ್ತಿದ್ದ. “ಅಸಲು ಕತೆ ಉಳಿಸ್ತೀನಿ ಅಂತ ಊರ ತುಂಬ ಜಗಳ ಆಡ್ತೀಯಲ್ಲ, ನಿನ್ ಜಗಳ ಆ ಸಿನಿಮಾದ ಮೇಲೆ ಅಲ್ಲ ಬಿಡು,” ಎಂದು ಹೆಂಡತಿ ಶೋಭಾರಾಣಿ ಅಂದಳು. ಅವಳ ಜೊತೆ ಎರಡು ದಿನ ಮಾತು ಬಿಟ್ಟ.

ಕೊಟ್ರೇಶ್ ಬಂದದ್ದು ಅಮಾವಾಸ್ಯೆಯ ಹಿಂದಿನ ದಿನ, ಮಂಡಿಗೇ. ಮುಖದಲ್ಲಿ ಗೆದ್ದವನ ಕಳೆ. ಗುಜರಿಯವನ ಹತ್ತಿರ ಹಳೆ ಪುಸ್ತಕ ಹುಡುಕಿಸಿ ತಂದಿದ್ದ; ಅದೇ ಸಂಚಿಕೆ. ಹುಣಸೆ ಮೂಟೆಯ ಮೇಲೆ ಇಟ್ಟ.

“ತಗ ಜಯಣ್ಣ, ನಿನ್ನ ಅಸಲು. ಸಿನಿಮಾದವ್ರು ಕಂಬಳಿ ಒಂದೇ ಬದ್ಲಾಯ್ಸಿರೋದು. ಭೈರವ ಇಲ್ಲೇ ಸಾಯ್ತಾನೆ. ಇಷ್ಟು ವರ್ಷ ಯಾವ ಸೀಮೆ ಕಾಮಿಕ್ಸ್ ಓದಿದ್ದೆ?”

ಜಯಚಂದ್ರ ಕೈ ಒರೆಸಿಕೊಂಡು ತೆರೆದ. ಚಿತ್ರಗಳು ನೆಂಟರ ಹಾಗೆ ಒಂದೊಂದೇ ಗುರುತು ಹಿಡಿದವು. ಗುಹೆ. ರಾಕ್ಷಸ. ತೊಡೆಯ ಮೇಲೆ ಮಲಗಿದ ಭೈರವ. ಅವನ ಬಾಯಿಯ ಹತ್ತಿರ ಒಂದು ಗುಳ್ಳೆ, ಅದರೊಳಗೆ ನಿದ್ದೆ ಹೋದವನು ಆಡಲಾರದಷ್ಟು ಮಾತು. ಜಯಚಂದ್ರ ಅಕ್ಷರಕ್ಕಕ್ಷರ ಕೂಡಿಸಿದ: ‘ತಮ್ಮುಡೂ, ನಾ ಕೋಸಂ ಎದುರು ಚೂಡೊದ್ದು.’ ತಮ್ಮಾ, ನನ್ನ ದಾರಿ ಕಾಯಬೇಡ.

ಬೇಗ ಬೇಗ ತಿರುವಿದ. ಬೆಟ್ಟದ ಮೇಲೆ ದೀಪ. ಅಷ್ಟೇ. ಆಮೇಲೆ ರಟ್ಟು.

“ಪುಟ ಹರಿದೈತೆ,” ಎಂದ.

“ಎಲ್ಲಿ ಹರಿದೈತೆ? ಪಿನ್ನು ನೋಡು, ಗಟ್ಟಿ ಐತೆ.”

ಮೂಟೆಗೆ ಬೆರಳು ಹಾಕಿ ಕಲ್ಲು ಹುಡುಕುವವನ ಹಾಗೆ ಜಯಚಂದ್ರ ಪುಸ್ತಕದ ಬೆನ್ನಿಗೆ ಬೆರಳು ಹಾಕಿ ತಡಕಿದ. ಹರಿದ ಗುರುತಿರಲಿಲ್ಲ. ಹಿಂದಿನಿಂದ ಮುಂದಕ್ಕೆ ಒಂದೊಂದೇ ಪುಟ ಸರಿಸುತ್ತಾ ಬಂದು ಕೊನೆಗೆ ಮೊದಲನೆಯದನ್ನು ಮುಟ್ಟಿದ. ಅಲ್ಲಿದ್ದರು ಇಬ್ಬರೂ. ಒಂದೇ ಕಂಬಳಿಯಡಿ, ನಗುತ್ತಾ. ಇನ್ನೂ ಏನೂ ಆಗಿರದ ಬೆಳಗಿನಲ್ಲಿ, ಕುರಿ ಹೊಡೆದುಕೊಂಡು ಹೊರಟಿದ್ದರು.

ದೀಪದ ಪುಟ ಮುಗಿಯುತ್ತಲೇ ಅಕ್ಕ ಪುಸ್ತಕವನ್ನು ಮಗುಚಿ ಮೊದಲನೆಯ ಪುಟ ತೆರೆಯುತ್ತಿದ್ದಳು. ಎಂಟು ವರ್ಷದವನಿಗೆ ಅದು ಗೊತ್ತಾಗಲಿಲ್ಲ ಎನ್ನುವುದೇನು, ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ.

“ಜಯಣ್ಣ?” ಎಂದ ಕೊಟ್ರೇಶ್. ಗೆದ್ದ ಕಳೆ ಹೋಗಿತ್ತು. “ಲೇ, ಕತೆ ಕಣಣ್ಣ ಅದು. ಹೋಗ್ಲಿ ಬಿಡು. ನಾನೇ ಸೋತೆ ಅಂತ ಗ್ರೂಪಲ್ಲಿ ಹಾಕ್ತೀನಿ.”

ಎದುರಾಳಿ ಕರುಣೆ ತೋರಿಸುವಷ್ಟು ಕೆಳಗೆ ಬಂದೆನೆಂದು ಜಯಚಂದ್ರನಿಗೆ ಆಗ ತಿಳಿಯಿತು.

ಅಮಾವಾಸ್ಯೆಯ ಬೆಳಿಗ್ಗೆ ಜಯಚಂದ್ರ, ಶೋಭಾರಾಣಿ ಬಸ್ಸು ಹಿಡಿದರು. ರೊದ್ದಂ ದಾಟಿತು, ಬಸ್ಸು ಬದಲಾಯಿತು, ಕಂಬದೂರಿನಲ್ಲಿ ಆಡು ಸಮೇತ ಒಬ್ಬ ಹತ್ತಿದ, ಕಂಡಕ್ಟರು ಆಡಿಗೆ ಟಿಕೆಟ್ಟು ಕೇಳಿ ಬಸ್ಸೆಲ್ಲ ನಕ್ಕಿತು. ಜಯಚಂದ್ರ ಕಿಟಕಿಯಾಚೆ ಬೋರ್‌ವೆಲ್ ಲಾರಿ ಕಂಡಾಗಲೆಲ್ಲ ಅದರ ಮೇಲೆ ಕೂತವರ ಮುಖ ನೋಡುತ್ತಿದ್ದ. ಇದು ಇಪ್ಪತ್ತೆಂಟು ವರ್ಷದ ಚಾಳಿ. ನೋಡುವುದೆಲ್ಲ ಇಪ್ಪತ್ತೊಂದರ ಹುಡುಗರನ್ನೇ ಎಂಬುದು ಇವತ್ತು ಮೊದಲ ಸಲ ಹೊಳೆಯಿತು.

ಕಲ್ಯಾಣದುರ್ಗದಲ್ಲಿ ಇಳಿದು, ಹೆಂಡತಿಯನ್ನು ಮುಂದೆ ಕಳಿಸಿ, ಲಿಂಗಣ್ಣನ ಬಟ್ಟೆ ಅಂಗಡಿಗೆ ಹೋದ. ಅಪ್ಪನಿಗೆ ಪಂಚೆ, ಅಮ್ಮನಿಗೆ ಸೀರೆ. ಆಮೇಲೆ, “ಒಂದು ಅಂಗಿ,” ಎಂದ.

“ಸೈಜು?”

“ಗೊತ್ತಿಲ್ಲ.”

“ವಯಸ್ಸು ಹೇಳ್ರಿ, ನಾನು ಹೇಳ್ತೀನಿ.”

“ಇಪ್ಪತ್ತೊಂದು.” ಬೆರಳು ಮಡಚಿ ಲೆಕ್ಕ ಹಾಕಿ, “ಇಲ್ಲಾ, ನಲವತ್ತೊಂಬತ್ತು.”

ಲಿಂಗಣ್ಣ ಕನ್ನಡಕದ ಮೇಲಿಂದ ನೋಡಿದ. “ಎರಡ್ರಾಗೆ ಒಂದು ಹೇಳಪ್ಪ. ಎಡೆಗಾ?”

“ಹೂಂ.”

“ಅಂಗಾದ್ರೆ ಹೋದಾಗ ಎಷ್ಟಿದ್ರೋ ಅಷ್ಟೇ ತಗಳ್ರಿ. ಹೋದೋರು ಬೆಳೆಯಲ್ಲ. ನಂಬಿ ತಗಂಡೋಗಿ, ಎಡೆಗೆ ಒಯ್ದ ಅಂಗೀನ ಸೈಜು ಸರಿಯಿಲ್ಲ ಅಂತ ಇಲ್ಲೀಗಂಟ ಒಬ್ರೂ ವಾಪಸ್ ತಂದಿಲ್ಲ.”

ಲಿಂಗಣ್ಣ ಒಂದು ಸಣ್ಣ ನೀಲಿ ಅಂಗಿ ಬಿಡಿಸಿ ಹಾಸಿದ. ಎದೆ ಬೊಗಸೆಯಷ್ಟಗಲ. ಜಯಚಂದ್ರ ಅದನ್ನು ಮುಟ್ಟಲಾರದೆ ಕೈ ಹಿಂದಕ್ಕೆ ತೆಗೆದುಕೊಂಡ. “ದೊಡ್ಡದು ಕೊಡ್ರಿ,” ಎಂದ. “ಹೊಟ್ಟೆ ಬಂದಿರ್ತದೆ.”

ನರಸಕ್ಕ ಹಿತ್ತಿಲಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು. ಜಯಚಂದ್ರ ಬಟ್ಟೆಯ ಕವರಿನ ಮೇಲೆ ಪುಸ್ತಕವಿಟ್ಟು ಅವಳ ಮುಂದೆ ಸರಿಸಿದ. ಅವಳು ರಟ್ಟು ನೋಡಿದಳು. ರುಬ್ಬುವ ಕೈ ನಿಂತಿತು.

“ಎಲ್ಲಿ ಸಿಕ್ತು?”

“ಸಿಕ್ತು. ಯಾಕಕ್ಕಾ ಸುಳ್ಳು ಹೇಳ್ದೆ?”

“ಅನ್ನ ಬುಟ್ಟು ಕೂತಿದ್ದೆ ಕಣ್ಲಾ ನೀನು. ಕಡ್ಡಿ ಆಗಿದ್ದೆ.”

“ಆಮೇಲೆ? ನಾನು ಅನ್ನ ತಿಂದು ದೊಡ್ಡೋನಾದೆ, ಮಂಡಿ ಸೇರ್ದೆ, ಮದ್ವೆ ಆದೆ. ಆಗ ಹೇಳ್ಬೋದಿತ್ತು. ಥಿಯೇಟ್ರಲ್ಲಿ ಸೀಟ್ ಹತ್ತಿ ಕಿರುಚ್ದೆ ಕಣಕ್ಕಾ ನಾನು. ಹುಚ್ಚನ ತರ.”

ನರಸಕ್ಕ ಹೂರಣದ ಕೈಯನ್ನೇ ನೋಡುತ್ತಾ ಹೇಳಿದಳು: “ನಿಂಗೆ ಹೇಳಿ ಹೇಳಿ ನಾನೂ ನಂಬ್ಬುಟ್ಟಿದ್ದೆ. ಯಾವನಾರಾ ಬಾಗ್ಲು ತಟ್ಟಿದ್ರೆ ಕೈ ತೊಳೀದೇನೇ ಓಡ್ತಿದ್ದೆ. ಈಗ ಓಡಕ್ಕಾಗಲ್ಲ. ಎದೆ ಹಿಡ್ಕಂತದೆ. ಅದ್ಕೇ ಎಡೆ ಇಡಾಣ ಅಂದಿದ್ದು. ನಂಬಿಕೆ ಹೋಗಿ ಅಲ್ಲಪ್ಪ. ಸಾಕಾಗಿ.”

ಆಮೇಲೆ ಕವರಿನೊಳಗಿನ ಅಂಗಿ ತೆಗೆದು ಬಿಡಿಸಿದಳು. ಅದರ ಅಗಲ ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದಳು. “ಇಷ್ಟು ದಪ್ಪ ಆಗವ್ನಾ?” ಎಂದಳು.

ಮೂರು ಎಲೆ ಹಾಕಿದರು. ಮೂರನೆಯದರ ಪಕ್ಕ ದೊಡ್ಡ ಅಂಗಿಯನ್ನು ಮಡಚಿ ಇಟ್ಟರು. ಜಯಚಂದ್ರ ಧೂಪದ ಬಟ್ಟಲು ಕೈಗೆತ್ತಿಕೊಂಡ. ಧೂಪ ಹಾಕುವಾಗ ಕೆಂಡವೊಂದು ಉರುಳಿತು. ಭಾವ ಅದನ್ನು ಕಾಲಿನಿಂದ ತಳ್ಳಿ ಏನೂ ಆಗದವನ ಹಾಗೆ ಕೈಮುಗಿದ.

ಇನ್ನು ಕಾಗೆ. ಮೂರೂ ಎಲೆಯಿಂದ ಒಂದೊಂದು ಪಾಲು ತೆಗೆದು ತಾರಸಿಯ ಮೇಲಿಡಬೇಕು. ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡರೆಂದು ಅರ್ಥ. ಎಲ್ಲ ಪಾಲನ್ನೂ ಮುಟ್ಟುವ ತನಕ ಮನೆಯಲ್ಲಿ ಯಾರೂ ತುತ್ತೆತ್ತುವ ಹಾಗಿಲ್ಲ. ಜಯಚಂದ್ರ ಮೂರು ಬಾಳೆಲೆ ತುಂಡಿನಲ್ಲಿ ಪಾಲು ಹಿಡಿದು ಹತ್ತಿದ. ಬಿಸಿಲು ನೆತ್ತಿಗೆ ಬಂದಿತ್ತು. ಊರಿನ ತಾರಸಿಗಳ ಮೇಲೆಲ್ಲ ಅದೇ ಕೆಲಸ ನಡೆದಿತ್ತು. ಕಾಗೆಗಳಿಗೆ ವರ್ಷಕ್ಕೊಂದು ದಿನ ಗಿರಾಕಿಗಳ ಗಿಜಿಗಿಜಿ. ಹೊಟ್ಟೆ ತುಂಬಿ, ಈ ಮನೆಯದು ವಡೆ, ಆ ಮನೆಯದು ಒಬ್ಬಟ್ಟು ಎಂದು ಆರಿಸಿ ತಿನ್ನುತ್ತಿದ್ದವು.

ಅಪ್ಪನ ಪಾಲಿಗೆ ಬಂತು, ಕುಕ್ಕಿತು. ಅಮ್ಮನ ಪಾಲಿಗೆ ಬಂತು, ವಡೆ ಕಚ್ಚಿಕೊಂಡು ಹಾರಿತು. ಮೂರನೆಯದರ ಕಡೆಗೆ ಒಂದು ಕಾಗೆ ಕುಪ್ಪಳಿಸಿದ ಕೂಡಲೇ ಜಯಚಂದ್ರ ಹೆಗಲ ಟವೆಲ್ಲು ಬೀಸಿದ.

“ಹುಶ್! ಹೋಗ್! ಹೋಗಾಚೆ!”

ಅದು ಗೋಡೆಯ ಮೇಲೆ ಕೂತಿತು. ಇನ್ನೊಂದು ಬಂತು. ಅದನ್ನೂ ಓಡಿಸಿದ. ಪಕ್ಕದ ತಾರಸಿಯಲ್ಲಿ ಕಾಗೆಯನ್ನು ಕಾ ಕಾ ಎಂದು ಅಂಗಲಾಚಿ ಕರೆಯುತ್ತಿದ್ದ ಮುದುಕಿಯೊಬ್ಬಳು ಬೆರಗಾಗಿ ನಿಂತಳು. “ಏಮಯ್ಯಾ, ಪಿಚ್ಚಾ ನೀಕು? ಹುಚ್ಚಾ ನಿಂಗೆ? ಬರೋ ಕಾಗೇನ ಓಡಿಸ್ತೀಯಲ್ಲ! ಬ್ಯಾಡಾಂದ್ರೆ ಈ ಕಡೆ ಕಳ್ಸು, ನಮ್ಮೆಜಮಾನ್ರು ಬೆಳಗ್ಗೆಯಿಂದ ಬಂದಿಲ್ಲ.”

ಜಯಚಂದ್ರನಿಗೆ ಕೇಳಿಸಲಿಲ್ಲ. ಎಲೆಯ ಸುತ್ತ ಸುತ್ತುತ್ತಾ ಟವೆಲ್ಲು ಬೀಸುತ್ತಿದ್ದ. ಬೆವರು ಕಣ್ಣಿಗಿಳಿಯುತ್ತಿತ್ತು. ಕೆಳಗೆ ಮನೆಮಂದಿಯೆಲ್ಲ ಹಸಿದು ಕೂತಿದ್ದರು. ತಾನು ಮಾಡುತ್ತಿರುವುದು ಏನೆಂದು ಅವನಿಗೆ ಗೊತ್ತಿತ್ತು, ಎಷ್ಟು ಹೊತ್ತು ಮಾಡಬಲ್ಲೆ ಎಂಬುದೂ ಗೊತ್ತಿತ್ತು. ಕೈಗಳು ಸೋಲುತ್ತಿದ್ದವು. ಕಾಗೆಗಳಿಗೆ ಆತುರವೇನೂ ಇರಲಿಲ್ಲ, ಸಾಲಾಗಿ ಕೂತು ನೋಡುತ್ತಿದ್ದವು.

ಮೆಟ್ಟಿಲ ಮೇಲೆ ಏದುಸಿರು ಕೇಳಿತು. ನರಸಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಬಯ್ಯಲಿಲ್ಲ. ಬಂದವಳು ತಮ್ಮನ ಕೈಯಿಂದ ಟವೆಲ್ಲು ಬಿಡಿಸಿ, ಅದರಿಂದಲೇ ಅವನ ಮುಖ ಒರೆಸಿದಳು.

“ಕೂತ್ಕೋ,” ಎಂದಳು.

ಇಬ್ಬರೂ ನೀರಿನ ತೊಟ್ಟಿಯ ನೆರಳಲ್ಲಿ ಕೂತರು. ಹಿಂದೆ ಚಾಪೆಯ ಮೇಲೆ ಕೂರುತ್ತಿದ್ದ ಹಾಗೆಯೇ, ಅವನು ಅವಳ ಎಡಕ್ಕೆ. ಜಯಚಂದ್ರ ಎಲೆಯ ಕಡೆ ನೋಡಲಾರದೆ ಮುಖವನ್ನು ಮೊಣಕಾಲಿನ ನಡುವೆ ಹುದುಗಿಸಿದ.

“ನೀನು ನೋಡಿ ಹೇಳಕ್ಕಾ. ನನ್ನ ಕೈಲಾಗಲ್ಲ.”

ರೆಕ್ಕೆ ಬಡಿದ ಸದ್ದಾಯಿತು. ಸಿಮೆಂಟಿನ ಮೇಲೆ ಉಗುರು ಕೆರೆಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾಳೆಲೆ ಪರಪರ ಎಂದಿತು, ಮತ್ತೊಮ್ಮೆ ಎಂದಿತು, ಯಾರೋ ಅವಸರದಲ್ಲಿ, ಬಹಳ ದಿನ ಹಸಿದವರು ಎಳೆದಾಡುವ ಹಾಗೆ.

“ಏನ್ಮಾಡ್ತು?” ಎಂದು ಜಯಚಂದ್ರ ತಲೆಯೆತ್ತದೆ ಕೇಳಿದ.

ನರಸಕ್ಕ ನೋಡುತ್ತಲೇ ಇದ್ದಳು. ಕಣ್ಣಿಂದ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ದನಿ ಮಾತ್ರ ಕಥೆ ಹೇಳುವಾಗಿನ ದನಿಯೇ, ಅಲುಗಲಿಲ್ಲ.

“ಮುಟ್ಲಿಲ್ಲ ಕಣ್ಲಾ. ಮೂಸಿ ನೋಡ್ತು, ಹಾರೋಯ್ತು,” ಎಂದಳು. “ಏಳು, ಉಣ್ಣಾಣ ಬಾ.”

ಎಲೆಯ ಸದ್ದು ಇನ್ನೂ ನಿಂತಿರಲಿಲ್ಲ. ಜಯಚಂದ್ರ ಆ ಕಡೆ ತಿರುಗದೆ ಎದ್ದು, ಅಕ್ಕನ ಕೈ ಹಿಡಿದು, ಊಟಕ್ಕೆ ಇಳಿದ.